ದೊಡ್ಡವರಿಗೆ ಅಕ್ಷರ ತಲೆಗೆ ಹತ್ತದಿದ್ದರೆ ಹೇಗೆ ಕಲಿಸುವುದು? ಗೊತ್ತಿದ್ದವರು ಹೇಳಿ

ಚಿತ್ತಾಪುರ ಸಂಜೆ ತರಗತಿ:

ಎಲ್ಲರಿಗೂ ನಮಸ್ಕಾರ. ಚಿತ್ತಾಪುರ ತಾಲ್ಲೂಕಿನ ಒಂದು ತಾಂಡಾದಲ್ಲಿ ಸಂಜೆ ಹೊತ್ತು ದೊಡ್ಡವರಿಗೆ ಓದು ಬರಹ ಕಲಿಸುತ್ತೇನೆ. ಬರುವವರು ಹೆಚ್ಚಾಗಿ ಸ್ವಸಹಾಯ ಸಂಘದ ಹೆಣ್ಣುಮಕ್ಕಳು. ನಿಧಾನವಾದರೂ ಎಲ್ಲರೂ ಮುಂದೆ ಹೋಗುತ್ತಿದ್ದಾರೆ. ಒಬ್ಬರ ವಿಷಯದಲ್ಲಿ ಮಾತ್ರ ನನಗೆ ದಾರಿ ಕಾಣುತ್ತಿಲ್ಲ.

ವಯಸ್ಸು ನಲವತ್ತರ ಆಸುಪಾಸು. ಸಂಘದ ಸಾಲ ಯಾರದು ಎಷ್ಟು ಬಾಕಿ, ಬಡ್ಡಿ ಎಷ್ಟಾಯಿತು, ಹೋದ ವರ್ಷ ತೊಗರಿ ಯಾವ ದರಕ್ಕೆ ಹೋಯಿತು, ಎಲ್ಲ ಬಾಯಲ್ಲೇ ಹೇಳುತ್ತಾರೆ. ಅಕ್ಷರ ಮಾತ್ರ ನಿಲ್ಲುವುದಿಲ್ಲ. ಇವತ್ತು ಬ ಬರೆದು ಓದಿದವರು ನಾಳೆ ಅದನ್ನೇ ಭ ಎನ್ನುತ್ತಾರೆ, ಇಲ್ಲವೇ ಸುಮ್ನೆ ಕೂತುಬಿಡುತ್ತಾರೆ. ಪ, ವ, ಷ ಮೂರೂ ಒಂದೇ ಥರ ಕಾಣುತ್ತವಂತೆ. ಜೊತೆಗೆ ಶುರು ಮಾಡಿದವರು ಬಸ್ಸಿನ ಬೋರ್ಡ್ ಓದುತ್ತಿದ್ದಾರೆ. ಇವರು "ನನ್ನ ತಲಿ ತುಂಬಾ ಮಣ್ಣೇ ಅದ, ಬಿಡ್ರಿ ನನ್ನ" ಎನ್ನುತ್ತಾರೆ. ಬಿಡುವ ಮನಸ್ಸು ನನಗಿಲ್ಲ.

ಇದು ಡಿಸ್ಲೆಕ್ಸಿಯಾ, ಅಂದರೆ ಓದು ಬರಹ ಕಲಿಯುವುದರಲ್ಲಿನ ತೊಂದರೆ, ಇರಬಹುದಾ? ದೊಡ್ಡವರಿಗೂ ಅದು ಇರುತ್ತದಾ? ಇದ್ದರೆ ಕಲಿಸುವುದು ಹೇಗೆ? ಮಕ್ಕಳ ಬಗ್ಗೆ ಬೇಕಾದಷ್ಟು ಮಾಹಿತಿ ಸಿಗುತ್ತದೆ, ದೊಡ್ಡವರ ಬಗ್ಗೆ ಯಾರೂ ಮಾತಾಡುವುದೇ ಇಲ್ಲ.

ಬೀದರ್ ವಿಶೇಷ ಶಿಕ್ಷಕಿ:

ಅಕ್ಕೋರೆ, ಬಿಡಬೇಡಿ. ಮೊದಲು ಒಂದು ಪ್ರಶ್ನೆ. ಅವರ ಕಣ್ಣು ತೋರಿಸಿದ್ದೀರಾ? ನಲವತ್ತರ ಹೊತ್ತಿಗೆ ಹತ್ತಿರದ್ದು ಮಸುಕಾಗುವುದು ಎಲ್ಲರಿಗೂ ಬರುವಂಥದ್ದು, ಅದಕ್ಕೇ ಚಾಳೀಸು ಎನ್ನುವುದು. ಹೊಲದಲ್ಲಿ ಕೆಲಸ ಮಾಡುವವರಿಗೆ ದೂರದ್ದು ಚೆನ್ನಾಗಿ ಕಾಣುತ್ತದೆ, ಹಾಗಾಗಿ ಕಣ್ಣಿಗೆ ಏನೂ ಆಗಿಲ್ಲ ಎಂದುಕೊಂಡಿರುತ್ತಾರೆ. ಬ ಮತ್ತು ಭ ನಡುವಿನ ವ್ಯತ್ಯಾಸ ತಲೆಕಟ್ಟು ಮತ್ತು ಕೆಳಗಿನ ಒಂದು ಸಣ್ಣ ಗೆರೆ. ಲ್ಯಾಂಪ್ ಬೆಳಕಲ್ಲಿ, ಸಣ್ಣ ಅಚ್ಚಿನಲ್ಲಿ, ಚಾಳೀಸು ಬಂದ ಕಣ್ಣಿಗೆ ಅದು ಕಾಣುವುದೇ ಇಲ್ಲ. ಕಿವಿಯನ್ನೂ ನೋಡಿಸಿ. ಈ ಎರಡು ಆಗುವ ತನಕ ಯಾವ ಹೆಸರನ್ನೂ ಅವರ ಮೇಲೆ ಹಾಕಬೇಡಿ.

ಇನ್ನು ನಿಮ್ಮ ಪ್ರಶ್ನೆ. ಹೌದು, ಡಿಸ್ಲೆಕ್ಸಿಯಾ ದೊಡ್ಡವರಿಗೂ ಇರುತ್ತದೆ. ಅದು ಹುಟ್ಟಿನಿಂದ ಬರುವಂಥದ್ದು, ವಯಸ್ಸಾದ ಮೇಲೆ ಹೋಗುವುದಿಲ್ಲ. ಚಿಕ್ಕಂದಿನಲ್ಲಿ ಶಾಲೆಗೇ ಹೋಗದಿದ್ದರೆ ಯಾರಿಗೂ ಗೊತ್ತಾಗಿರುವುದಿಲ್ಲ, ಅಷ್ಟೇ. ಇದು ಬುದ್ಧಿ ಕಡಿಮೆ ಇರುವುದಲ್ಲ. ಬಾಯಲ್ಲಿ ಬಡ್ಡಿ ಲೆಕ್ಕ ಹಾಕುವವರ ಬುದ್ಧಿಗೆ ಏನು ಕಡಿಮೆ? ಕಷ್ಟ ಇರುವುದು ಸದ್ದು ಮತ್ತು ಅಕ್ಷರವನ್ನು ಒಂದಕ್ಕೊಂದು ಜೋಡಿಸಿ ಹಿಡಿದಿಟ್ಟುಕೊಳ್ಳುವ ಜಾಗದಲ್ಲಿ. ಅಕ್ಷರ ತಲೆಕೆಳಗಾಗಿ ಕಾಣುತ್ತದೆ ಎನ್ನುವುದು ಸಿನಿಮಾದವರು ಹಬ್ಬಿಸಿದ ಮಾತು.

ಆದರೆ ನಿಮ್ಮ ತರಗತಿಯ ಅವರಿಗೆ ಅದೇ ಇದೆ ಎಂದು ನಾನು ಇಲ್ಲಿಂದ ಹೇಳಲಾರೆ. ಶಾಲೆ ನೋಡದವರಿಗೆ ಶುರುವಿನಲ್ಲಿ ಇದೆಲ್ಲ ಆಗುತ್ತದೆ. ಅವರು ನಿಧಾನವಾಗಿ ಮುಂದೆ ಹೋಗುತ್ತಿರುತ್ತಾರೆ. ಡಿಸ್ಲೆಕ್ಸಿಯಾ ಇದ್ದವರು ಸರಿಯಾಗಿ ಕಲಿಸಿದರೂ ಬಹಳ ದಿನ ಒಂದೇ ಕಡೆ ನಿಂತುಬಿಡುತ್ತಾರೆ, ಮಾತು, ಕೆಲಸ, ತಿಳಿವಳಿಕೆ ಎಲ್ಲ ಸರಿ ಇರುತ್ತದೆ. ಬೌದ್ಧಿಕ ಅಂಗವೈಕಲ್ಯ ಬೇರೆ. ಅದರಲ್ಲಿ ಚಿಕ್ಕಂದಿನಿಂದ ಮಾತು, ಕೆಲಸ, ಲೆಕ್ಕ ಎಲ್ಲದರಲ್ಲೂ ನಿಧಾನ ಇರುತ್ತದೆ. ಮೂರನ್ನೂ ಒಂದೇ ಚೀಲಕ್ಕೆ ತುಂಬಿ "ದಡ್ಡರು" ಎಂದುಬಿಡುವುದು ನಮ್ಮ ಊರುಗಳಲ್ಲಿ ನಡೆಯುತ್ತಲೇ ಬಂದಿದೆ. ಈ ಮಾತು ಕೇಳಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ.

ಪುಸ್ತಕ ಇಲ್ಲದೆ ಒಂದು ಆಟ ಆಡಿ ನೋಡಿ. "ತೊಗರಿ" ಎನ್ನಿ. ಅದರಲ್ಲಿ "ತೊ" ತೆಗೆದರೆ ಏನು ಉಳಿಯುತ್ತದೆ? "ಗರಿ" ಎಂದು ಬರುತ್ತದಾ? ಬರಿ ಬಾಯಲ್ಲಿ. ಇದು ಕಷ್ಟವಾದರೆ ಅಕ್ಷರಕ್ಕೆ ಹೋಗುವ ಮುಂಚೆ ಸದ್ದಿನ ಆಟಕ್ಕೆ ಸಮಯ ಕೊಡಿ.

ಕಲಬುರಗಿ ಬಿ.ಎಡ್. ವಿದ್ಯಾರ್ಥಿ:

ಮೇಡಂ, ನಮಗೆ ತರಗತಿಯಲ್ಲಿ ಹೇಳಿದ್ದು ಬೇರೆ. ಕೆಲವರು ನೋಡಿ ಕಲಿಯುತ್ತಾರೆ, ಕೆಲವರು ಕೇಳಿ, ಕೆಲವರು ಕೈಯಿಂದ ಮಾಡಿ. ಯಾರು ಯಾವ ಥರ ಎಂದು ಮೊದಲೇ ಪ್ರಶ್ನೆಪತ್ರಿಕೆ ಕೊಟ್ಟು ಕಂಡುಹಿಡಿದು ಅದೇ ಥರ ಕಲಿಸಿದರೆ ಬೇಗ ಬರುತ್ತದೆ ಅಂತ. ಆ ಅಕ್ಕ ಬಾಯಲ್ಲಿ ಎಲ್ಲ ಹೇಳುತ್ತಾರೆ ಎಂದರೆ ಅವರು ಕೇಳಿ ಕಲಿಯುವವರು ಅಲ್ವಾ? ಪುಸ್ತಕ ಬಿಟ್ಟು ಆಡಿಯೋದಲ್ಲೇ ಕಲಿಸಬಹುದಲ್ಲ?

ನಿವೃತ್ತ ಮನಶ್ಶಾಸ್ತ್ರ ಉಪನ್ಯಾಸಕ, ಕಲಬುರಗಿ:

ತಮ್ಮಾ, ನೀನು ಕೇಳಿದ್ದು ಒಳ್ಳೆಯದಾಯಿತು, ಏಕೆಂದರೆ ಈ ಮಾತು ಬಿ.ಎಡ್. ಕಾಲೇಜಿನಲ್ಲಿ, ತರಬೇತಿಯಲ್ಲಿ, ವಾಟ್ಸಾಪಿನಲ್ಲಿ ಎಲ್ಲ ಕಡೆ ಇದೆ. ಸ್ವಲ್ಪ ಉದ್ದ ಬರೆಯುತ್ತೇನೆ.

ಕಲಿಕೆಯ ಶೈಲಿ ಎಂಬ ಹೆಸರಲ್ಲಿ ಎಷ್ಟು ಬಗೆಯ ವಿಂಗಡಣೆ ಇದೆ ಗೊತ್ತಾ? 2004ರಲ್ಲಿ ಇಂಗ್ಲೆಂಡಿನಲ್ಲಿ ಕಾಫೀಲ್ಡ್ ಮತ್ತು ಜೊತೆಗಾರರು ಹುಡುಕಿದಾಗ 71 ಸಿಕ್ಕವು. 2008ರಲ್ಲಿ ಪ್ಯಾಶ್ಲರ್ ಮತ್ತು ಇನ್ನೂ ಮೂವರು ಮನಶ್ಶಾಸ್ತ್ರಜ್ಞರು ಸಿಕ್ಕ ಸಂಶೋಧನೆಗಳನ್ನೆಲ್ಲ ಇಟ್ಟುಕೊಂಡು ಕೂತರು. ಅವರು ಕೇಳಿದ್ದು ನೇರ ಪ್ರಶ್ನೆ. "ನೋಡಿ ಕಲಿಯುವವರು" ಎಂದು ಗುರುತಿಸಿದವರಲ್ಲಿ ಅರ್ಧ ಜನರಿಗೆ ತೋರಿಸಿ ಕಲಿಸಿ, ಇನ್ನರ್ಧಕ್ಕೆ ಬರಿ ಹೇಳಿ ಕಲಿಸಿ. "ಕೇಳಿ ಕಲಿಯುವವರ" ಗುಂಪನ್ನೂ ಹಾಗೇ ಎರಡು ಪಾಲು ಮಾಡಿ. ಕೊನೆಗೆ ಎಲ್ಲರಿಗೂ ಒಂದೇ ಪರೀಕ್ಷೆ. ಶೈಲಿಗೆ ತಕ್ಕಂತೆ ಕಲಿತವರೇ ಎರಡೂ ಗುಂಪಿನಲ್ಲಿ ಮುಂದೆ ಬಂದರೆ ಮಾತ್ರ ಆ ಮಾತು ನಿಜ. ಹಾಗೆ ಸರಿಯಾಗಿ ಮಾಡಿದ ಸಂಶೋಧನೆಗಳೇ ಕಡಿಮೆ ಇದ್ದವು. ಇದ್ದವುಗಳಲ್ಲೂ ಹೆಚ್ಚಿನವು ಆ ಮಾತನ್ನು ಎತ್ತಿ ಹಿಡಿಯಲಿಲ್ಲ.

ಜನರಿಗೆ ಇಷ್ಟ ಬೇರೆ ಬೇರೆ ಇರುತ್ತದೆ, ಅದು ನಿಜ. ನನಗೆ ಕೇಳುವುದು ಇಷ್ಟ, ನಿನಗೆ ವಿಡಿಯೋ ಇಷ್ಟ. ಇಷ್ಟಪಟ್ಟ ದಾರಿಯಲ್ಲಿ ಕಲಿತರೆ ಜಾಸ್ತಿ ಉಳಿಯುತ್ತದೆ ಎನ್ನುವುದಕ್ಕೆ ಮಾತ್ರ ಆಧಾರ ಇಲ್ಲ. ಯಾವ ದಾರಿ ಎಂದು ಹೇಳುವುದು ಕಲಿಯುವ ವಿಷಯ. ಬೀದರಿನಲ್ಲಿ ಬಿದರಿ ಕೆಲಸ ಕಲಿಯುವವನು ಎಂಥವನೇ ಆಗಿರಲಿ, ಉಳಿ ಹಿಡಿದು ಬೆಳ್ಳಿ ತಂತಿ ಕೂರಿಸದೆ ಕಲಿಯಲಾರ. ಹಾಗೆಯೇ ಓದಿಗೆ ಕಣ್ಣು, ಕಿವಿ, ಬಾಯಿ, ಕೈ ನಾಲ್ಕೂ ಬೇಕು, ಎಲ್ಲರಿಗೂ ಬೇಕು.

ನನಗೆ ಭಯ ಇರುವುದು ಇಲ್ಲಿ. ಆ ತಾಯಿಗೆ "ನೀವು ಕೇಳಿ ಕಲಿಯುವವರು" ಎಂದು ಚೀಟಿ ಅಂಟಿಸಿ ಪುಸ್ತಕ ಕಿತ್ತುಕೊಂಡರೆ, ಯಾವುದರಲ್ಲಿ ಅವರಿಗೆ ಹೆಚ್ಚು ಅಭ್ಯಾಸ ಬೇಕೋ ಅದನ್ನೇ ತಪ್ಪಿಸಿದ ಹಾಗಾಯಿತು. ಹೇಗಿದ್ದರೂ ಅವರಿಗೆ ಬೇಕಾಗಿರುವುದು ಓದು.

ಹಾಗಾದರೆ ಜನ ಬೇರೆ ಬೇರೆ ಥರ ಕಲಿಯುವುದಿಲ್ಲವಾ ಎಂದರೆ, ಖಂಡಿತ ಕಲಿಯುತ್ತಾರೆ. ಆ ವ್ಯತ್ಯಾಸ ಇರುವ ಜಾಗ ಬೇರೆ. ಮೊದಲೇ ಎಷ್ಟು ಗೊತ್ತಿದೆ, ಮನೆಮಾತು ಯಾವುದು, ಒಂದೇ ಸಲಕ್ಕೆ ತಲೆಯಲ್ಲಿ ಎಷ್ಟು ಹಿಡಿಯಬಲ್ಲರು, ಕಣ್ಣು ಕಿವಿ ಹೇಗಿವೆ, ದಿನವಿಡೀ ಹೊಲದಲ್ಲಿ ದುಡಿದು ಎಷ್ಟು ದಣಿದಿದ್ದಾರೆ, ನಾಲ್ಕು ಜನರ ಮುಂದೆ ತಪ್ಪು ಓದುವ ಹೆದರಿಕೆ ಎಷ್ಟಿದೆ. ಒಬ್ಬೊಬ್ಬರಲ್ಲೂ ಇವನ್ನು ನೋಡಬೇಕು. ಪ್ರಶ್ನೆಪತ್ರಿಕೆಯಲ್ಲಿ ಇದು ಸಿಗುವುದಿಲ್ಲ, ಪಕ್ಕದಲ್ಲಿ ಕೂತು ನೋಡಿದರೆ ಸಿಗುತ್ತದೆ.

ಕಲಬುರಗಿ ಬಿ.ಎಡ್. ವಿದ್ಯಾರ್ಥಿ:

ಸರ್, ಹಾಗಾದರೆ ಮರಳಿನಲ್ಲಿ ಬರೆಸುವುದು, ಅಕ್ಷರದ ಮೇಲೆ ಬೆರಳಾಡಿಸುವುದು ಇದೆಲ್ಲ ಬೇಡವಾ? ಡಿಸ್ಲೆಕ್ಸಿಯಾಕ್ಕೆ ಅದೇ ಒಳ್ಳೆಯದು ಎಂದು ಓದಿದ್ದೆ.

ಬೀದರ್ ವಿಶೇಷ ಶಿಕ್ಷಕಿ:

ಬೇಕು. ಅಮೆರಿಕದಲ್ಲಿ 1930ರ ದಶಕದಲ್ಲಿ ಆರ್ಟನ್ ಎಂಬ ವೈದ್ಯರು ಮತ್ತು ಗಿಲಿಂಗ್‌ಹ್ಯಾಮ್ ಎಂಬ ಶಿಕ್ಷಕಿ ಶುರು ಮಾಡಿದ ಪದ್ಧತಿ ಅದು. ಅಲ್ಲಿ ಯಾರ ಶೈಲಿಯನ್ನೂ ವಿಂಗಡಿಸುವುದಿಲ್ಲ. ಒಬ್ಬರೇ ಒಂದೇ ಹೊತ್ತಿನಲ್ಲಿ ಅಕ್ಷರ ನೋಡುತ್ತಾರೆ, ಸದ್ದು ಹೇಳುತ್ತಾರೆ, ಬರೆಯುತ್ತಾರೆ. ಅದರ ತಿರುಳು ಮರಳಿನಲ್ಲಿಲ್ಲ. ಸ್ವಲ್ಪ ಸ್ವಲ್ಪವೇ, ಕ್ರಮವಾಗಿ, ಏನನ್ನೂ "ಗೊತ್ತಿರಬೇಕು" ಎಂದು ಬಿಡದೆ ಕಲಿಸುವುದರಲ್ಲಿ ಇದೆ. ಮರಳು ತಂದು ಸುರಿದು, ಒಂದೇ ದಿನ ವರ್ಣಮಾಲೆ ಪೂರ್ತಿ ಬರೆಸಿದರೆ ಏನೂ ಉಪಯೋಗ ಇಲ್ಲ.

ಕನ್ನಡಕ್ಕೆ ಅದರದ್ದೇ ಆದ ಕಷ್ಟ ಇದೆ, ಇದನ್ನು ಎಲ್ಲರೂ ತಿಳಿದಿರಬೇಕು. ವರ್ಣಮಾಲೆಯ 49 ಅಕ್ಷರ ಮುಗಿದರೆ ಓದು ಬರುವುದಿಲ್ಲ. ಕಾಗುಣಿತ ಸೇರಿದರೆ ನೂರಾರು, ಒತ್ತಕ್ಷರ ಸೇರಿದರೆ ಇನ್ನೂ ಜಾಸ್ತಿ. ಕನ್ನಡ ಶಾಲೆಯ ಮಕ್ಕಳ ಮೇಲೆ ಸೋನಾಲಿ ನಾಗ್ ಅವರು ಮಾಡಿದ ಅಧ್ಯಯನ 2007ರಲ್ಲಿ ಬಂತು. ದಿನಾ ಶಾಲೆಗೆ ಹೋಗುವ ಮಕ್ಕಳಿಗೂ ಅಕ್ಷರಗಳ ಹಿಡಿತ ಮೊದಲ ಒಂದೆರಡು ವರ್ಷದಲ್ಲಿ ಸಿಗುವುದಿಲ್ಲ, ಮುಂದಿನ ತರಗತಿಗಳಲ್ಲೂ ಆ ಕಲಿಕೆ ನಡೆಯುತ್ತಲೇ ಇರುತ್ತದೆ ಎಂದು ಅದರಲ್ಲಿ ಕಂಡಿತು. ಹೀಗಿರುವಾಗ ದಿನಕ್ಕೆ ಒಂದು ತಾಸು ಬಿಡುವು ಮಾಡಿಕೊಂಡು ಬರುವ ತಾಯಿಗೆ ಕೆಲವೇ ತಿಂಗಳಲ್ಲಿ ಬರಬೇಕು ಎಂದರೆ ಹೇಗೆ?

ಆದ್ದರಿಂದ ಅಕ್ಕೋರೆ, ಅ ಆ ಇ ಈ ಸಾಲಿನಿಂದ ಹೋಗಬೇಡಿ. ಸರ್ಕಾರಿ ಶಾಲೆಯ ಒಂದನೇ ತರಗತಿಯಲ್ಲಿ ರ ಗ ಸ ದ ಅ ಇಂದ ಶುರು ಮಾಡುತ್ತಾರಲ್ಲ, ಅದಕ್ಕೆ ಕಾರಣ ಇದೆ. ಐದೇ ಅಕ್ಷರದಲ್ಲಿ ಸರ, ದರ, ರಸ, ಅರಸ, ಅಗಸ, ಗರಗಸ ಎಂದು ಮಾತು ಬರುತ್ತದೆ. ಓದಿದ್ದು ಅರ್ಥ ಕೊಡುತ್ತದೆ. ಬ ಮತ್ತು ಭ, ದ ಮತ್ತು ಧ, ಪ ಮತ್ತು ಷ ಇಂಥ ಜೋಡಿಗಳನ್ನು ಒಂದೇ ವಾರದಲ್ಲಿ ಕಲಿಸಲೇಬೇಡಿ. ಬ ಕಣ್ಣು ಮುಚ್ಚಿ ಬರೆಯುವಷ್ಟು ಗಟ್ಟಿಯಾಗಲಿ, ಆಮೇಲೆ ಭ.

ಅರ್ಕಾವೊತ್ತಿಗೂ ಬೇರೆಯೇ ಸಮಯ ಇಡಿ. "ಅರ್ಜಿ" ಎನ್ನುವಾಗ ಬಾಯಲ್ಲಿ ರ ಮೊದಲು ಬರುತ್ತದೆ, ಬರೆಯುವಾಗ ಅದರ ಗುರುತು ಜಿ ಆದ ಮೇಲೆ ಬರುತ್ತದೆ. ಶಾಲೆ ಕಲಿತ ನಮಗೆ ಅದು ಗಮನಕ್ಕೇ ಬರುವುದಿಲ್ಲ. ಸದ್ದಿನ ಸಾಲು ಹಿಡಿಯಲು ಕಷ್ಟಪಡುವವರಿಗೆ ಅಲ್ಲೇ ಓದು ಮುರಿದು ಬೀಳುತ್ತದೆ. ಅರ್ಜಿ, ಕಾರ್ಡ್, ಸರ್ಕಾರ, ವರ್ಷ ನಮ್ಮ ಜನರಿಗೆ ದಿನಾ ಬೇಕಾದ ಮಾತುಗಳು, ಎಲ್ಲದರಲ್ಲೂ ಅದೇ ಇದೆ.

ಸೇಡಂ ಎಲೆಕ್ಟ್ರಿಷಿಯನ್:

ಇದನ್ನು ನಾನು ಫೋನಿಗೆ ಹೇಳುತ್ತಿದ್ದೇನೆ, ಫೋನ್ ಬರೆಯುತ್ತಿದೆ, ತಪ್ಪಿದ್ದರೆ ನೋಡಿಕೊಳ್ಳಿ. ನೀವೆಲ್ಲ ಬರೆದಿದ್ದನ್ನೂ ಫೋನೇ ನನಗೆ ಓದಿ ಹೇಳಿತು.

ನಾನು ಏಳನೇ ತರಗತಿವರೆಗೆ ಶಾಲೆಗೆ ಹೋದವನು. ಓದಲು ಎಬ್ಬಿಸಿ ನಿಲ್ಲಿಸಿದರೆ ಬೆವರು ಬರುತ್ತಿತ್ತು. ಪಕ್ಕದವನು ಓದಿದ್ದನ್ನು ಕೇಳಿ ಬಾಯಿಪಾಠ ಮಾಡಿ ಪುಸ್ತಕ ನೋಡುತ್ತಾ ಹೇಳಿಬಿಡುತ್ತಿದ್ದೆ. ಪುಟ ತಿರುಗಿಸುವುದು ತಪ್ಪಿದ ದಿನ ಬೆತ್ತದ ಏಟು. ಆಮೇಲೆ ಶಾಲೆ ಬಿಟ್ಟು ಮೋಟಾರ್ ವೈಂಡಿಂಗ್ ಅಂಗಡಿಗೆ ಸೇರಿದೆ. ಅಲ್ಲಿ ಉಸ್ತಾದ್ ಒಬ್ಬರಿದ್ದರು. ಒಂದು ಸಲ ಬಿಚ್ಚಿ ತೋರಿಸಿ, ಇನ್ನೊಂದು ಮೋಟಾರ್ ನನ್ನ ಕೈಗೆ ಕೊಟ್ಟು "ಈಗ ನೀನು" ಎನ್ನುತ್ತಿದ್ದರು. ಎಲ್ಲಿ ನಿಂತೆ ಎಂದು ನೋಡಿ ಅಷ್ಟನ್ನೇ ಹೇಳಿಕೊಡುತ್ತಿದ್ದರು. ಶುರುವಿನಿಂದ ಮತ್ತೆ ಎಲ್ಲ ಹೇಳುತ್ತಿರಲಿಲ್ಲ. ಬೈಯಲಿಲ್ಲ. ಇವತ್ತು ಸುತ್ತಲಿನ ಊರುಗಳ ಬೋರ್‌ವೆಲ್ ಮೋಟಾರ್ ನನ್ನ ಹತ್ತಿರ ಬರುತ್ತವೆ.

ದೊಡ್ಡವನಾದ ಮೇಲೆ ಮತ್ತೆ ಓದು ಕಲಿಯಲು ಹೋದೆ. ನಿಜವಾಗಿ ಹೇಳಬೇಕೆಂದರೆ ಅಕ್ಷರಕ್ಕಿಂತ ಕಷ್ಟವಾಗಿದ್ದು ಆ ಮೆಟ್ಟಿಲು ಹತ್ತುವುದು. ಹೋದರೆ ಕೈಗೆ ಕೊಟ್ಟಿದ್ದು ಮೊಲ, ಆಮೆ ಇರುವ ಪುಸ್ತಕ. ಮಗಳ ಹತ್ತಿರವೂ ಅದೇ ಪುಸ್ತಕ ಇತ್ತು. ಎದ್ದು ಬಂದೆ. ಕಲಿಸುವವರೆಲ್ಲ ದಯವಿಟ್ಟು ಇದನ್ನು ನೆನಪಿಡಿ. ನಾವು ಓದು ಬಾರದವರು, ಮಕ್ಕಳಲ್ಲ. ಮನೆ ಕಟ್ಟಿದ್ದೇವೆ, ಮದುವೆ ಮಾಡಿಸಿದ್ದೇವೆ, ಪಂಚಾಯ್ತಿ ಮಾಡಿದ್ದೇವೆ.

ಆಮೇಲೆ ಒಬ್ಬ ಪರಿಚಯದ ಮಾಸ್ತರ್ ನನ್ನ ಅಂಗಡಿಗೇ ಬಂದು ಕೂತರು. ಗ್ರಾಹಕರ ಚೀಟಿಯಲ್ಲಿ ಇರುವ ಮಾತುಗಳನ್ನೇ ತೆಗೆದರು. ಕೇಬಲ್, ಪಂಪ್, ಬಾಕಿ, ಕೊಟ್ಟಿದ್ದು. ಒಂದು ಮಾತು ಒಂದು ಚೀಟಿ. ಪೂರ್ತಿ ಸಾಲನ್ನು ಒಂದೇ ಸಲ ತೋರಿಸುತ್ತಿರಲಿಲ್ಲ, ಕೆಳಗಿನ ಸಾಲುಗಳನ್ನು ಕಾಗದದಿಂದ ಮುಚ್ಚುತ್ತಿದ್ದರು, ಏಕೆಂದರೆ ನನಗೆ ಸಾಲುಗಳು ಒಂದರ ಮೇಲೊಂದು ಓಡುತ್ತವೆ. ಅಕ್ಷರ ದೊಡ್ಡದು, ಸಾಲಿನ ನಡುವೆ ಜಾಗ. ನಾನು ತಡವರಿಸಿದರೆ ಬಾಯಿ ಹಾಕದೆ ಕಾಯುತ್ತಿದ್ದರು. ಕಾಯುವುದು ದೊಡ್ಡದು. ಎಲ್ಲರೂ ಪಾಪ ಎಂದು ಉತ್ತರ ಹೇಳಿಬಿಡುತ್ತಾರೆ, ಆಗ ನಮಗೆ ಏನೂ ಉಳಿಯುವುದಿಲ್ಲ.

ಇವತ್ತಿಗೂ ಪೇಪರ್ ಓದಲು ನಿಧಾನ. ಉದ್ದದ್ದು ಬಂದರೆ ಫೋನ್ ಓದುತ್ತದೆ, ಅದಕ್ಕೆ ನಾಚಿಕೆ ಇಲ್ಲ. ಚೀಟಿ, ಬಿಲ್, ಬೋರ್ಡ್ ನಾನೇ ಓದುತ್ತೇನೆ.

ಶಹಾಪುರ ಗ್ರಂಥಾಲಯ:

ಅಣ್ಣಾ, ನಿಮ್ಮ ಮಾತನ್ನು ನಮ್ಮ ಕೇಂದ್ರಕ್ಕೆ ಬರುವವರಿಗೆ ಓದಿ ಹೇಳಿದೆ. ಮೊಲ ಆಮೆ ಎಂದ ಕೂಡಲೇ ಎಲ್ಲರೂ ಹೌದು ಹೌದು ಎಂದರು.

2011ರ ಜನಗಣತಿಯಲ್ಲಿ ನಮ್ಮ ಯಾದಗಿರಿ ಜಿಲ್ಲೆಯ ಸಾಕ್ಷರತೆ ಶೇ. 51.83, ರಾಜ್ಯದಲ್ಲೇ ಎಲ್ಲಕ್ಕಿಂತ ಕೆಳಗೆ. ಅಂದರೆ ಹೆಚ್ಚು ಕಡಿಮೆ ಅರ್ಧ ಜನಕ್ಕೆ ಓದು ಬರಹ ಬರುವುದಿಲ್ಲ. ಆ ಅರ್ಧದಲ್ಲಿ ಡಿಸ್ಲೆಕ್ಸಿಯಾ ಇರುವವರು ಯಾರು, ಬರಿ ಶಾಲೆ ತಪ್ಪಿದವರು ಯಾರು, ಯಾರಿಗೂ ಗೊತ್ತಿಲ್ಲ, ಎಲ್ಲರೂ ಒಂದೇ ಲೆಕ್ಕದಲ್ಲಿ "ಅನಕ್ಷರಸ್ಥರು". ಸಾಕ್ಷರ ಭಾರತ 2009ರಲ್ಲಿ ಬಂತು, ಹೋಯಿತು. ಈಗ 2022ರಿಂದ ಉಲ್ಲಾಸ್ ಎಂಬ ಸಾಕ್ಷರತಾ ಕಾರ್ಯಕ್ರಮ ನಡೆಯುತ್ತಿದೆ, ಓದು ಬಾರದ, 15 ವರ್ಷ ತುಂಬಿದ ಯಾರು ಬೇಕಾದರೂ ಸೇರಬಹುದು. ಕೊನೆಗೆ 150 ಅಂಕದ ಪರೀಕ್ಷೆ, ಓದು, ಬರಹ, ಲೆಕ್ಕ ತಲಾ 50. ಒಳ್ಳೆಯದೇ. ಆದರೆ ಎಲ್ಲರೂ ಒಂದೇ ವೇಗದಲ್ಲಿ ಹೋಗುತ್ತಾರೆ ಎಂದು ಇಂಥ ಕಾರ್ಯಕ್ರಮಗಳಲ್ಲಿ ಅಂದುಕೊಳ್ಳುತ್ತಾರೆ, ನಿಧಾನದವರು ಎರಡನೇ ತಿಂಗಳಿಗೇ ಬರುವುದು ಬಿಡುತ್ತಾರೆ, ರಿಜಿಸ್ಟರಿನಲ್ಲಿ ಹೆಸರು ಮಾತ್ರ ಉಳಿಯುತ್ತದೆ.

ನಮ್ಮಲ್ಲಿ ಕೆಲಸಕ್ಕೆ ಬಂದ ಒಂದು ದಾರಿ ಹೇಳುತ್ತೇನೆ. ಅವರು ಹೇಳಿದ ಮಾತನ್ನೇ ಬರೆದು ಅವರಿಂದಲೇ ಓದಿಸುವುದು. ಒಬ್ಬ ತಾಯಿ ಭತ್ತದ ನಾಟಿ ಬಗ್ಗೆ ನಾಲ್ಕು ಮಾತು ಹೇಳಿದರು. ಹಾಗೇ ದೊಡ್ಡದಾಗಿ ಬರೆದು ಕೊಟ್ಟೆ. ತಾನೇ ಹೇಳಿದ್ದಾದ್ದರಿಂದ ಮುಂದೆ ಏನಿದೆ ಎಂದು ಗೊತ್ತಿರುತ್ತದೆ, ಹೆದರಿಕೆ ಕಡಿಮೆ. ಆಮೇಲೆ ಅದೇ ಸಾಲನ್ನು ಕತ್ತರಿಸಿ ಮಾತು ಮಾತು ಬೇರೆ ಮಾಡಿ ಜೋಡಿಸಲು ಹೇಳುವುದು. ಬರಿ ಬಾಯಿಪಾಠದಿಂದ ಹೇಳುತ್ತಿದ್ದರೆ ಅಲ್ಲಿ ಗೊತ್ತಾಗುತ್ತದೆ.

ಚಿತ್ತಾಪುರದ ಅಕ್ಕೋರೆ, ತಾಂಡಾ ಎಂದಿರಿ. ಮನೆಯಲ್ಲಿ ಲಂಬಾಣಿ ಮಾತಲ್ವಾ? ನಿಮ್ಮ ಪುಸ್ತಕ ಪೂರ್ತಿ ಕನ್ನಡ. ಅಂದರೆ ಅವರು ಅಕ್ಷರವನ್ನೂ ಕಲಿಯಬೇಕು, ಗೊತ್ತಿಲ್ಲದ ಮಾತನ್ನೂ ಕಲಿಯಬೇಕು. ಲಂಬಾಣಿ ಮಾತನ್ನೇ ಕನ್ನಡ ಅಕ್ಷರದಲ್ಲಿ ಬರೆದು ನೋಡಿ. ಯಾಡಿ ಎಂದರೆ ಅಮ್ಮ, ಪಾಣಿ ಎಂದರೆ ನೀರು, ಇಂಥವು.

ಚಿತ್ತಾಪುರ ಸಂಜೆ ತರಗತಿ:

ತುಂಬಾ ಉಪಕಾರ ಆಯಿತು ಎಲ್ಲರಿಂದ. ಕಣ್ಣು ತೋರಿಸಿದೆವು, ಚಾಳೀಸು ಬಂದಿದೆ. ಕನ್ನಡಕ ಹಾಕಿದ ಮೇಲೆ ಪ ಮತ್ತು ವ ಬೇರೆ ಬೇರೆ ಎನ್ನುತ್ತಾರೆ. "ಯಾಡಿ" ಬರೆದು ತೋರಿಸಿದಾಗ ತುಂಬಾ ಹೊತ್ತು ನೋಡಿದರು. ಅಮ್ಮ ಎಂದು ಬರೆದಿದ್ದೀನಿ ಎಂದೆ. ಅದನ್ನು ಮರುದಿನವೂ ಓದಿದರು. ಆದರೆ ಉಳಿದ ಅಕ್ಷರ ಈಗಲೂ ಜಾರುತ್ತವೆ, ಅದು ಪೂರ್ತಿ ಕಣ್ಣಿನದಲ್ಲ. ಕಲಿತಿದ್ದು ಮರುದಿನಕ್ಕೆ ಹೋಗುವುದನ್ನು ತಡೆಯುವುದು ಹೇಗೆ?

ನಿವೃತ್ತ ಮನಶ್ಶಾಸ್ತ್ರ ಉಪನ್ಯಾಸಕ, ಕಲಬುರಗಿ:

ಮರೆವು ಎಲ್ಲರಿಗೂ ಮೊದಲ ದಿನವೇ ಜಾಸ್ತಿ. ಜರ್ಮನಿಯ ಎಬ್ಬಿಂಗ್‌ಹೌಸ್ 1885ರಲ್ಲೇ ತನ್ನ ಮೇಲೇ ಪ್ರಯೋಗ ಮಾಡಿ ಅಳೆದು ತೋರಿಸಿದ. ಒಂದೇ ದಿನ ಐವತ್ತು ಸಲ ಬರೆಸುವುದರಿಂದ ಅದು ನಿಲ್ಲುವುದಿಲ್ಲ. ಅದೇ ಅಭ್ಯಾಸವನ್ನು ಹಲವು ದಿನಕ್ಕೆ ಹಂಚಿ. ಇವತ್ತು, ನಾಳೆ, ಮೂರು ದಿನ ಬಿಟ್ಟು, ವಾರ ಬಿಟ್ಟು.

ಇನ್ನೊಂದು. ಕಲಿತದ್ದನ್ನು ಮತ್ತೆ ತೋರಿಸುವ ಮೊದಲು ಅವರೇ ನೆನಪು ಮಾಡಿಕೊಳ್ಳಲಿ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕೆ ಕಾಲೇಜು ವಿದ್ಯಾರ್ಥಿಗಳ ಮೇಲೆ ಇದನ್ನು ನೋಡಿದರು. ಮತ್ತೆ ಮತ್ತೆ ಓದಿದವರಿಗಿಂತ, ಪುಸ್ತಕ ಮುಚ್ಚಿ ನೆನಪಿನಿಂದ ಬರೆದವರಿಗೆ ವಾರದ ಮೇಲೆ ಜಾಸ್ತಿ ಉಳಿದಿತ್ತು. ಹಾಗಾಗಿ ತರಗತಿ ಶುರುವಿಗೆ ಹಿಂದಿನ ಚೀಟಿ ತೋರಿಸಬೇಡಿ. "ನಿನ್ನೆಯ ಅಕ್ಷರ ಯಾವುದು, ಬರೆದು ತೋರಿಸಿ" ಎನ್ನಿ. ಬರದಿದ್ದರೆ ಅರ್ಧ ಬರೆದು ಕೊಡಿ. ಹೊಸದು ಒಂದು, ಹಳೆಯದು ನಾಲ್ಕು, ಈ ಅಳತೆ ಇಟ್ಟುಕೊಳ್ಳಿ. ನಾಲ್ಕು ಸರಿ ಬಂದರೆ ಕಲಿಯುವವರ ಮುಖವೇ ಬೇರೆಯಾಗುತ್ತದೆ.

ವಯಸ್ಸಾಯಿತು, ಇನ್ನೆಲ್ಲಿ ಎನ್ನುವವರಿಗೆ ಒಂದು ಮಾತು. ಲಕ್ನೋ ಹತ್ತಿರದ ಹಳ್ಳಿಗಳಲ್ಲಿ ಓದು ಬಾರದ ದೊಡ್ಡವರಿಗೆ, ಹೆಚ್ಚಿನವರು ಹೆಂಗಸರು, ಆರು ತಿಂಗಳು ಹಿಂದಿ ಓದು ಕಲಿಸಿ, ಮುಂಚೆ ಮತ್ತು ಆಮೇಲೆ ಮಿದುಳಿನ ಸ್ಕ್ಯಾನ್ ಮಾಡಿದ್ದಾರೆ. 2017ರಲ್ಲಿ ಅದು ಪ್ರಕಟವಾಯಿತು. ಅಷ್ಟರಲ್ಲೇ ಮಿದುಳಿನ ಆಳದ ಭಾಗಗಳಿಗೂ ನೋಟದ ಭಾಗಕ್ಕೂ ನಡುವಿನ ಸಂಪರ್ಕದಲ್ಲೂ ಬದಲಾವಣೆ ಕಂಡಿತ್ತು. ಮೂವತ್ತರ ಹರೆಯದ, ಶಾಲೆಯ ಮುಖ ನೋಡದ ಹೆಂಗಸರು ಅವರು, ನಮ್ಮ ಊರಿನವರ ಹಾಗೆಯೇ.

ಭಾಲ್ಕಿಯಿಂದ ಅಕ್ಕ:

ಇಷ್ಟು ಹೊತ್ತು ಓದುತ್ತಿದ್ದೆ. ನನ್ನ ತಮ್ಮನ ವಿಷಯ ಸ್ವಲ್ಪ ಬೇರೆ, ಆದರೂ ಹೇಳಬೇಕು ಅನಿಸಿತು. ಅವನಿಗೆ ಡೌನ್ ಸಿಂಡ್ರೋಮ್. ಇಪ್ಪತ್ತು ದಾಟಿದ್ದಾನೆ. ವಿಶೇಷ ಶಾಲೆ ಮುಗಿಯಿತು, ಆಮೇಲೆ ಏನು ಎಂದು ಯಾರೂ ಹೇಳಲಿಲ್ಲ. ನೆಂಟರು "ಇನ್ನು ಮನೆಯಲ್ಲಿರಲಿ ಬಿಡಿ" ಎಂದರು. ಅವನಿಗೋ ಹೊರಗೆ ಹೋಗಬೇಕು, ಅಂಗಡಿಗೆ ಹೋಗಬೇಕು, ಬಸ್ ಹತ್ತಬೇಕು.

ನಾವು ಮಾಡಿದ್ದು ಇಷ್ಟು. ಅಂಗಡಿಯಿಂದ ಹಾಲು ತರುವುದು ಎಂದರೆ ನಮಗೆ ಒಂದೇ ಕೆಲಸ. ಅವನಿಗೆ ಅದು ಒಂದು ಸಾಲು ಕೆಲಸ. ಚೀಲ ತಗೊಳ್ಳಬೇಕು, ಚಪ್ಪಲಿ ಹಾಕಬೇಕು, ರಸ್ತೆಯ ಆ ಬದಿ ಈ ಬದಿ ನೋಡಬೇಕು, ಅಂಗಡಿಯವರಿಗೆ ಹೇಳಬೇಕು, ನೋಟು ಕೊಡಬೇಕು, ಚಿಲ್ಲರೆ ಬರುವ ತನಕ ನಿಲ್ಲಬೇಕು. ಇದನ್ನೆಲ್ಲ ಬಿಡಿಬಿಡಿಯಾಗಿ ಫೋಟೋ ತೆಗೆದು ಗೋಡೆಗೆ ಅಂಟಿಸಿದೆವು. ಕಲಿಸಿದ್ದು ಮಾತ್ರ ಹಿಂದಿನಿಂದ. ಮೊದಮೊದಲು ಎಲ್ಲ ನಾನೇ ಮಾಡಿ, ಕೊನೆಯದು ಮಾತ್ರ, ಹಾಲು ತಂದು ಅಮ್ಮನ ಕೈಗೆ ಕೊಡುವುದು ಮಾತ್ರ ಅವನಿಗೆ. ಅಮ್ಮ "ಶಾಬಾಸ್" ಎನ್ನುತ್ತಿದ್ದರು. ಆಮೇಲೆ ಕೊನೆಯ ಎರಡು. ಹೀಗೆ ಹಿಂದಕ್ಕೆ ಹೋದೆವು. ಪ್ರತಿ ದಿನವೂ ಅವನೇ ಕೆಲಸ ಮುಗಿಸಿದ ಹಾಗೆ ಆಗುತ್ತಿತ್ತು, ಅರ್ಧಕ್ಕೆ ಬಿಟ್ಟು ಅಳುವುದು ನಿಂತಿತು. ಒಂದೇ ಅಂಗಡಿ, ಒಂದೇ ಹೊತ್ತು. ಆಟದ ದುಡ್ಡು ಬಳಸಲಿಲ್ಲ, ನಿಜವಾದ ನೋಟು. ಆಟದ ದುಡ್ಡಿನಲ್ಲಿ ಕಲಿತದ್ದು ಅಂಗಡಿಯಲ್ಲಿ ಬರುವುದಿಲ್ಲ.

ಅಂಗಡಿಯವರಿಗೂ ಹೇಳಿದೆವು. ಅವನು ಹೇಳುವ ತನಕ ಕಾಯಿರಿ, ನೀವೇ ಊಹಿಸಿ ಪ್ಯಾಕೆಟ್ ಕೊಡಬೇಡಿ. ಮೇಲೆ ಸೇಡಂ ಅಣ್ಣ ಕಾಯುವುದು ದೊಡ್ಡದು ಎಂದರಲ್ಲ, ನೂರಕ್ಕೆ ನೂರು ನಿಜ. ಆ ಅಂಗಡಿಯವರು ಕಾದಿದ್ದಕ್ಕೇ ಇವನಿಗೆ ಮಾತು ಜಾಸ್ತಿ ಬಂತು. ಈಗ ಭಾಲ್ಕಿಯಿಂದ ಬೀದರಿಗೆ ಬಸ್ಸಿನಲ್ಲಿ ನನ್ನ ಜೊತೆ ಬರುವಾಗ ಟಿಕೆಟ್ ಅವನೇ ಕೇಳುತ್ತಾನೆ. ಒಬ್ಬನೇ ಹೋಗುವುದನ್ನು ಇನ್ನೂ ಕಲಿಯುತ್ತಿದ್ದಾನೆ. ಓದು ಎಂದರೆ ಅವನಿಗೆ "ಬೀದರ್", "ಭಾಲ್ಕಿ", "ಗಂಡಸರು", "ಅಪಾಯ" ಇಂಥ ಮಾತು ಪೂರ್ತಿಯಾಗಿ ಗುರುತಿಸುವುದು, ಅಕ್ಷರ ಬಿಡಿಸಿ ಅಲ್ಲ. ಅವನಿಗೆ ಅದು ಸಾಕಾಗಿದೆ.

ಅಫಜಲಪುರ:

ನನ್ನ ಮಗನಿಗೆ ಹತ್ತೊಂಬತ್ತು. ಓದಲು ತುಂಬಾ ಕಷ್ಟ, ಹತ್ತನೇ ತರಗತಿ ಎರಡು ಸಲ ಹೋಯಿತು. ಸರ್ಟಿಫಿಕೇಟ್ ಮಾಡಿಸಿದರೆ ಉಪಯೋಗ ಇದೆಯಾ? ಊರಲ್ಲಿ ಅಂಗವಿಕಲ ಎಂದು ಹೆಸರು ಬೀಳುತ್ತದೆ ಎಂದು ಮನೆಯವರು ಬೇಡ ಎನ್ನುತ್ತಾರೆ.

ಬೀದರ್ ವಿಶೇಷ ಶಿಕ್ಷಕಿ:

ನಿಮ್ಮ ಮಗನ ವಯಸ್ಸಿಗೆ ಖಂಡಿತ ಉಪಯೋಗ ಇದೆ. ಅಂಗವಿಕಲರ 1995ರ ಕಾನೂನಿನಲ್ಲಿ 7 ಬಗೆಯ ಅಂಗವೈಕಲ್ಯ ಮಾತ್ರ ಇದ್ದವು, ಕಲಿಕೆಯ ತೊಂದರೆ ಅದರಲ್ಲಿ ಇರಲೇ ಇಲ್ಲ. 2016ರ ಕಾನೂನಿನಲ್ಲಿ 21 ಆದವು, ನಿರ್ದಿಷ್ಟ ಕಲಿಕಾ ನ್ಯೂನತೆ ಎಂದು ಡಿಸ್ಲೆಕ್ಸಿಯಾ, ಬರವಣಿಗೆಯ ತೊಂದರೆ, ಲೆಕ್ಕದ ತೊಂದರೆ ಎಲ್ಲ ಸೇರಿದವು. ಪ್ರಮಾಣಪತ್ರ ಇದ್ದರೆ ಪರೀಕ್ಷೆಯಲ್ಲಿ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚಿನ ಸಮಯ, ಬೇಕಾದರೆ ಬರೆದುಕೊಡುವವರು ಸಿಗುತ್ತಾರೆ. ತೊಂದರೆ ಶೇ. 40 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಸರ್ಕಾರಿ ಕೆಲಸದ ಮೀಸಲಾತಿಯೂ ಇದೆ. 2018ರ ನಿಯಮದಲ್ಲಿ 8, 14, 18 ವರ್ಷಕ್ಕೆ ಪರೀಕ್ಷೆ, 18ಕ್ಕೆ ಕೊಟ್ಟದ್ದು ಜೀವನಪೂರ್ತಿ ನಡೆಯುತ್ತದೆ ಎಂದಿತ್ತು. ಈಗಿನ ನಿಯಮ ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ. ನಿಮ್ಮ ಪಂಚಾಯ್ತಿಯಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ, ವಿಆರ್‌ಡಬ್ಲ್ಯೂ ಎಂದು ಕೇಳಿ, ಅರ್ಜಿ ತುಂಬಲು ಅವರು ನೆರವಾಗಬೇಕು. ರಾಷ್ಟ್ರೀಯ ಮುಕ್ತ ಶಾಲೆಯಲ್ಲಿ, ಎನ್‌ಐಒಎಸ್ ಎನ್ನುತ್ತಾರಲ್ಲ, ಹತ್ತನೆಯದನ್ನು ಒಂದೊಂದೇ ವಿಷಯವಾಗಿ ಮುಗಿಸಬಹುದು. ಹೆಸರು ಬೀಳುವುದರ ಬಗ್ಗೆ ಒಂದೇ ಮಾತು. ಫೇಲ್ ಎಂಬ ಹೆಸರು ಈಗಾಗಲೇ ಬಿದ್ದಿದೆ, ಅದನ್ನು ಹೊತ್ತುಕೊಂಡು ತಿರುಗುವುದು ಅವನು.

ಚಿತ್ತಾಪುರದ ಆ ತಾಯಿಗೆ ಮಾತ್ರ ನಾನು ಪ್ರಮಾಣಪತ್ರಕ್ಕೆ ಓಡಿ ಎನ್ನುವುದಿಲ್ಲ. ಇರುವ ಪರೀಕ್ಷೆಗಳೆಲ್ಲ ಶಾಲೆಯ ಮಕ್ಕಳನ್ನು ನೋಡಿ ಮಾಡಿದವು. ಶಾಲೆಗೇ ಹೋಗದವರನ್ನು ಅದರಲ್ಲಿ ಅಳೆದರೆ ಶಾಲೆ ಇಲ್ಲದಿದ್ದುದನ್ನೇ ಅಳೆದಂತೆ.

ಸೇಡಂ ಎಲೆಕ್ಟ್ರಿಷಿಯನ್:

ಅಫಜಲಪುರದವರೇ, ಮಾಡಿಸಿ. ನನಗೆ ಆಗ ಯಾರಾದರೂ ಹೆಸರಿಟ್ಟು ಹೇಳಿದ್ದರೆ ಏಟು ಕಡಿಮೆ ಬೀಳುತ್ತಿತ್ತು.

ಗುರುಮಠಕಲ್:

ನಮ್ಮಲ್ಲಿ ಒಬ್ಬರಿಗೆ ಓದು ಬರುತ್ತದೆ, ಅಂಕಿ ಬರುವುದಿಲ್ಲ. ನೂರಾ ಐದು ಎಂದರೆ 1005 ಎಂದು ಬರೆಯುತ್ತಾರೆ. ಕೂಲಿ ಚೀಟಿಯಲ್ಲಿ ಇದು ದೊಡ್ಡ ತೊಂದರೆ.

ಶಹಾಪುರ ಗ್ರಂಥಾಲಯ:

ಅವರು ಕೇಳಿದ್ದನ್ನು ಹಾಗೇ ಬರೆಯುತ್ತಿದ್ದಾರೆ, ನೂರು ಬರೆದು ಪಕ್ಕಕ್ಕೆ ಐದು. ಒಳಗೆ ಲೆಕ್ಕ ಸರಿ ಇದೆ, ಅಂಕಿಯ ಜಾಗ ಗೊತ್ತಿಲ್ಲ. ಮೂರು ಮನೆ ಇರುವ ಗೆರೆ ಹಾಕಿ. ಎಡಗಡೆ ಮನೆಯ ಮೇಲೆ ನೂರರ ನೋಟು, ನಡುವೆ ಹತ್ತರದ್ದು, ಬಲಗಡೆ ಒಂದು ರೂಪಾಯಿ ನಾಣ್ಯ ಇಡಿ. ನೂರಾ ಐದು ಎಂದರೆ ನೂರರ ನೋಟು ಒಂದು, ಹತ್ತರ ನೋಟು ಇಲ್ಲ, ನಾಣ್ಯ ಐದು. ಇಲ್ಲ ಎಂದಲ್ಲಿ ಸೊನ್ನೆ. ಒಂದು ಮನೆಗೆ ಒಂದೇ ಅಂಕಿ. ನೋಟು ತೆಗೆದು ಬರಿ ಗೆರೆ ಉಳಿಸುವುದು ಆಮೇಲೆ, ಗೆರೆಯನ್ನೂ ತೆಗೆಯುವುದು ಇನ್ನೂ ಆಮೇಲೆ. ಅವಸರ ಬೇಡ.

ಗುರುಮಠಕಲ್:

ನಾಳೆಯೇ ನೋಡುತ್ತೇನೆ ಸರ್. ನಮ್ಮ ಕಡೆ ಮನೆಯಲ್ಲಿ ತೆಲುಗು ಜಾಸ್ತಿ, "ನೂಟ ಐದು" ಎನ್ನುತ್ತಾರೆ. ಅಂಕಿಯ ಹೆಸರನ್ನು ತೆಲುಗಿನಲ್ಲೇ ಹೇಳಿಸಲಾ?

ಶಹಾಪುರ ಗ್ರಂಥಾಲಯ:

ಹೌದು, ಅವರು ಮನಸ್ಸಿನಲ್ಲಿ ಎಣಿಸುವ ಭಾಷೆಯಲ್ಲೇ ಹೇಳಲಿ. ಕೂಲಿ ಚೀಟಿಯ ಒಂದು ಫೋಟೋ ಇಲ್ಲಿ ಹಾಕಿ, ಹೆಸರು ಮತ್ತು ಖಾತೆ ನಂಬರ್ ಮುಚ್ಚಿ. ಯಾವ ಅಂಕಿ, ಯಾವ ಮಾತು ಮೊದಲು ಬೇಕು ಎಂದು ಅದರಿಂದಲೇ ಆರಿಸೋಣ.